ಪಂಪು ಕೊಳ್ಳುವ ಮೊದಲು ಪೈಪಿನ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಖಾನೆಗಳಲ್ಲಿ ಬಳಸುವ ಪಂಪುಗಳ ಆಯ್ಕೆಯ ಬಗ್ಗೆ ಬಂದಿರುವ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಚ್ಚಿನ ಪತ್ರಗಳು ‘ಎಷ್ಟು ಎಚ್‌ಪಿ ಪಂಪು ಬೇಕು’ ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ನನ್ನ ಅನುಭವದಲ್ಲಿ ಎಚ್‌ಪಿ ಎಂಬುದು ಲೆಕ್ಕದ ಕೊನೆಯಲ್ಲಿ ಸಿಗುವ ಉತ್ತರವೇ ಹೊರತು ಆರಂಭದಲ್ಲಿ ಕೇಳುವ ಪ್ರಶ್ನೆಯಲ್ಲ. ಎಷ್ಟು ದ್ರವ, ಯಾವ ಪೈಪಿನಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ಬಿಸಿಯಾಗಿ ಮತ್ತು ಎಷ್ಟು ಮಂದವಾಗಿ ಹರಿಯಬೇಕು ಎಂಬುದು ಗೊತ್ತಾದ ಮೇಲೆ ಎಚ್‌ಪಿ ತಾನಾಗಿಯೇ ಹೊರಬರುತ್ತದೆ.

ಪ್ರಶ್ನೆ: ನಮ್ಮದು ಆಹಾರ ಸಂಸ್ಕರಣಾ ಘಟಕ. ನೆಲದಡಿಯ ಸಂಪಿನಿಂದ ಕಟ್ಟಡದ ಮೇಲಿನ ಟ್ಯಾಂಕಿಗೆ ಗಂಟೆಗೆ 36,000 ಲೀಟರ್ ನೀರು ಏರಿಸಬೇಕಾಗಿದೆ. ಟ್ಯಾಂಕಿಗೆ ನೀರು ಬೀಳುವ ಜಾಗ ನೆಲದಿಂದ 22 ಮೀಟರ್ ಎತ್ತರದಲ್ಲಿದೆ. ಸಂಪಿನ ನೀರು ನೆಲದಿಂದ 3 ಮೀಟರ್ ಕೆಳಗಿನವರೆಗೂ ಇಳಿಯುತ್ತದೆ. ಪೈಪಿನ ಒಟ್ಟು ಉದ್ದ 160 ಮೀಟರ್. ಅಂಗಡಿಯವರು 80 ಮಿ.ಮೀ. ಜಿಐ ಪೈಪು ಸಾಕು, ಆದರೆ ಪಂಪು 10 ಎಚ್‌ಪಿಯದೇ ಇರಲಿ ಎನ್ನುತ್ತಾರೆ. ಇದು ಸರಿಯೇ?
— ಘಟಕದ ಮಾಲೀಕರು, ತುಮಕೂರು

ಉತ್ತರ: ಮಾನ್ಯರೇ, ಅಂಗಡಿಯವರು ಹೇಳಿದ ಪೈಪಿಗೆ ಅವರು ಹೇಳಿದ ಪಂಪು ಸರಿಯಾಗಿಯೇ ಇದೆ. ಸರಿಯಿಲ್ಲದಿರುವುದು ಆ ಪೈಪು.

ಲೆಕ್ಕವನ್ನು ಮೊದಲಿನಿಂದ ಮಾಡೋಣ. ಪಂಪು ಎರಡು ಕೆಲಸಗಳನ್ನು ಮಾಡಬೇಕು: ನೀರನ್ನು ಎತ್ತರಕ್ಕೆ ಏರಿಸಬೇಕು ಮತ್ತು ಪೈಪಿನ ಒಳಮೈಯ ಘರ್ಷಣೆಯನ್ನು ಮೀರಿ ಅದನ್ನು ತಳ್ಳಬೇಕು. ಇವೆರಡನ್ನೂ ಮೀಟರಿನಲ್ಲಿ ಅಳೆದು ಕೂಡಿಸಿದರೆ ಬರುವುದೇ ಒಟ್ಟು ಹೆಡ್. ಎತ್ತರದ ಲೆಕ್ಕ ಸುಲಭ: ಸಂಪಿನಲ್ಲಿ ನೀರು ಅತಿ ಕೆಳಗಿರುವಾಗಿನ ಮಟ್ಟದಿಂದ ಟ್ಯಾಂಕಿಗೆ ಬೀಳುವ ಜಾಗದವರೆಗೆ 3 ಮತ್ತು 22 ಸೇರಿ 25 ಮೀಟರ್. ಇದನ್ನು ಬದಲಾಯಿಸಲು ಯಾರಿಂದಲೂ ಆಗದು. ಆದರೆ ಘರ್ಷಣೆಯ ಪಾಲು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ, ಏಕೆಂದರೆ ಪೈಪಿನ ಅಳತೆಯನ್ನು ಆರಿಸುವವರು ನಾವೇ.

ಗಂಟೆಗೆ 36,000 ಲೀಟರ್ ಎಂದರೆ ಸೆಕೆಂಡಿಗೆ 10 ಲೀಟರ್. ಒಳವ್ಯಾಸ 80 ಮಿ.ಮೀ. ಇರುವ ಪೈಪಿನಲ್ಲಿ ಇಷ್ಟು ನೀರು ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಓಡುತ್ತದೆ, 100 ಮಿ.ಮೀ. ಪೈಪಿನಲ್ಲಾದರೆ 1.3 ಮೀಟರ್ ವೇಗ ಸಾಕು. ವೇಗದಲ್ಲಿನ ಈ ವ್ಯತ್ಯಾಸ ಸಣ್ಣದೆಂದು ತೋರಿದರೂ ಘರ್ಷಣೆಯಲ್ಲಿ ಅದು ಬಹಳ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ನೀರಿನ ಕೊಳವೆಗಳಿಗೆ ಎಂಜಿನಿಯರುಗಳು ಬಳಸುವ ಹೇಜನ್–ವಿಲಿಯಮ್ಸ್ ಸೂತ್ರದಲ್ಲಿ ಜಿಐ ಪೈಪಿಗೆ 120ರ ಗುಣಾಂಕ (ಒಳಮೈ ನುಣುಪಾದಷ್ಟೂ ಇದು ಹೆಚ್ಚು) ಹಾಕಿ ನೋಡಿದರೆ, 80 ಮಿ.ಮೀ. ಪೈಪಿನಲ್ಲಿ ಪ್ರತಿ 100 ಮೀಟರಿಗೆ ಸುಮಾರು 6.5 ಮೀಟರ್ ಹೆಡ್ ಘರ್ಷಣೆಗೇ ಹೋಗುತ್ತದೆ, 100 ಮಿ.ಮೀ. ಪೈಪಿನಲ್ಲಿ ಹೋಗುವುದು 2.2 ಮೀಟರ್ ಮಾತ್ರ. ವ್ಯಾಸ ಕಾಲು ಭಾಗ ಹೆಚ್ಚಿದರೆ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ.

ಪೈಪಿನ ಉದ್ದ 160 ಮೀಟರ್ ಎಂದಿದ್ದೀರಿ. ಇದಕ್ಕೆ ಬೆಂಡುಗಳು, ನಾನ್‌ರಿಟರ್ನ್ ವಾಲ್ವು, ಗೇಟ್ ವಾಲ್ವು ಮತ್ತು ಫುಟ್‌ವಾಲ್ವುಗಳ ನಷ್ಟವನ್ನೂ ಸೇರಿಸಬೇಕು. 100 ಮಿ.ಮೀ. ಪೈಪಿನಲ್ಲಿ ಒಂದು ಸಾಧಾರಣ ಬೆಂಡು ಸುಮಾರು 3 ಮೀಟರ್ ನೇರ ಪೈಪಿನಷ್ಟೇ ಹೆಡ್ ತಿನ್ನುತ್ತದೆ; ನಾನ್‌ರಿಟರ್ನ್ ವಾಲ್ವು 10 ಮೀಟರಿನಷ್ಟು. ಎಂಟು ಬೆಂಡುಗಳಿವೆ ಎಂದು ಇಟ್ಟುಕೊಂಡರೆ ಇವೆಲ್ಲ ಸೇರಿ 40 ಮೀಟರ್ ಆಗುತ್ತದೆ. ಆಗ ಲೆಕ್ಕಕ್ಕೆ ಹಿಡಿಯಬೇಕಾದ ಉದ್ದ 200 ಮೀಟರ್, ಘರ್ಷಣೆ 4.4 ಮೀಟರ್, ಒಟ್ಟು ಹೆಡ್ 29.4 ಮೀಟರ್. ಇದೇ ಲೆಕ್ಕವನ್ನು 80 ಮಿ.ಮೀ. ಪೈಪಿಗೆ ಮಾಡಿದರೆ, ಅಲ್ಲಿ ಬೆಂಡು ಮತ್ತು ವಾಲ್ವುಗಳಿಗೆ ಸೇರಿಸುವ ಉದ್ದ ತುಸು ಕಡಿಮೆಯಾದರೂ, ಘರ್ಷಣೆಯೇ 12.5 ಮೀಟರ್ ಆಗಿ ಒಟ್ಟು ಹೆಡ್ 37.5 ಮೀಟರಿಗೆ ಏರುತ್ತದೆ.

ಈಗ ಎಚ್‌ಪಿಗೆ ಬರೋಣ. ಸೆಕೆಂಡಿಗೆ 10 ಲೀಟರ್ ನೀರನ್ನು 30 ಮೀಟರ್ ಏರಿಸಲು ನೀರಿಗೆ ಸಲ್ಲಬೇಕಾದ ಶಕ್ತಿ 2.94 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 65 ಎಂದರೆ ಶಾಫ್ಟಿಗೆ 4.5 ಕಿಲೋವ್ಯಾಟ್ ಬೇಕು, 5.5 ಕಿಲೋವ್ಯಾಟಿನ, ಅಂದರೆ 7.5 ಎಚ್‌ಪಿಯ ಮೋಟಾರು ಸಾಕಾಗುತ್ತದೆ. 37.5 ಮೀಟರಿಗಾದರೆ ಶಾಫ್ಟಿಗೆ 5.7 ಕಿಲೋವ್ಯಾಟ್ ಬೇಕಾಗಿ 10 ಎಚ್‌ಪಿಯ ಮೋಟಾರಿಗೆ ಹೋಗಲೇಬೇಕಾಗುತ್ತದೆ. ಅಂಗಡಿಯವರ 10 ಎಚ್‌ಪಿ ಬಂದದ್ದು ಇಲ್ಲಿಂದ. ಪೈಪಿನಲ್ಲಿ ಉಳಿಸಿದ ಹಣವನ್ನು ಅವರು ನಿಮ್ಮಿಂದ ಮೋಟಾರಿಗೆ ಕೊಡಿಸುತ್ತಿದ್ದಾರೆ, ಆಮೇಲೆ ವರ್ಷ ವರ್ಷವೂ ನೀವದನ್ನು ವಿದ್ಯುತ್ ಬಿಲ್ಲಿಗೆ ಕಟ್ಟುತ್ತಲೇ ಇರುತ್ತೀರಿ. ಮೋಟಾರಿನ ನಷ್ಟವೂ ಸೇರಿದರೆ ಎರಡರ ನಡುವಿನ ವ್ಯತ್ಯಾಸ ಗಂಟೆಗೆ ಸುಮಾರು 1.3 ಯೂನಿಟ್. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ಪಂಪು ಓಡಿದರೆ 4,600 ಯೂನಿಟ್‌ಗಳಷ್ಟಾಗುತ್ತದೆ. ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ 32,000 ರೂಪಾಯಿ. ದಪ್ಪ ಪೈಪಿನ ಹೆಚ್ಚುವರಿ ಬೆಲೆಯನ್ನು ಇದರ ಪಕ್ಕದಲ್ಲಿಟ್ಟು ನೀವೇ ತೀರ್ಮಾನಿಸಿ.

ಇನ್ನೊಂದು ಮಾತು. ಜಿಐ ಪೈಪಿನ ಒಳಗೆ ವರ್ಷಗಳು ಕಳೆದಂತೆ ತುಕ್ಕು ಮತ್ತು ಗಡಸು ನೀರಿನ ಪದರ ಕಟ್ಟಿಕೊಳ್ಳುತ್ತವೆ. ಗುಣಾಂಕ 120ರಿಂದ 100ಕ್ಕೆ ಇಳಿದರೆ ಘರ್ಷಣೆ ಶೇ. 40ರಷ್ಟು ಹೆಚ್ಚುತ್ತದೆ, ನಿಮ್ಮ 4.4 ಮೀಟರ್ ಆಗ 6 ಮೀಟರಿನ ಆಚೆ ಹೋಗುತ್ತದೆ. ಆದ್ದರಿಂದ ಗಂಟೆಗೆ 36,000 ಲೀಟರಿಗೆ 32 ಮೀಟರ್ ಹೆಡ್ ಎಂದು ಬರೆದು ದರಪಟ್ಟಿ ಕೇಳಿ. 7.5 ಎಚ್‌ಪಿ ಆಗಲೂ ಸಾಕು. ‘7.5 ಎಚ್‌ಪಿ ಪಂಪು ಬೇಕು’ ಎಂದಷ್ಟೇ ದಯವಿಟ್ಟು ಬರೆಯಬೇಡಿ. ಅದೇ ಎಚ್‌ಪಿಯಲ್ಲಿ ಕಡಿಮೆ ನೀರನ್ನು ಬಹಳ ಎತ್ತರಕ್ಕೆ ಏರಿಸುವ ಪಂಪೂ ಸಿಗುತ್ತದೆ, ಹೆಚ್ಚು ನೀರನ್ನು ಮೊಣಕಾಲೆತ್ತರಕ್ಕೆ ಎತ್ತಿ ಸುರಿಯುವ ಪಂಪೂ ಸಿಗುತ್ತದೆ.

ಪ್ರಶ್ನೆ: ನಮ್ಮ ಸಂಸ್ಥೆಯ ಎರಡು ಘಟಕಗಳಲ್ಲಿ ಬಾಯ್ಲರಿಗೆ ನೀರುಣಿಸಲು ಒಂದೇ ಮಾದರಿಯ ಪಂಪುಗಳಿವೆ. ಎರಡೂ ಕಡೆ ನೀರು 90 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಮೇಲ್ಭಾಗ ತೆರೆದ ಟ್ಯಾಂಕಿನ ನೀರಿನ ಮಟ್ಟ ಪಂಪಿನ ಮಧ್ಯರೇಖೆಗಿಂತ 1 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಪಂಪು ಸದ್ದಿಲ್ಲದೆ ಓಡುತ್ತದೆ. ಪೀಣ್ಯದಲ್ಲಿ ಮಾತ್ರ ಒಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು ಬರುತ್ತದೆ, ಆರು ತಿಂಗಳಿಗೊಮ್ಮೆ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ) ಹಾಳಾಗುತ್ತದೆ. ಬೇರಿಂಗ್ ಬದಲಾಯಿಸಿದ್ದೇವೆ, ಅಲೈನ್‌ಮೆಂಟ್ ನೋಡಿಸಿದ್ದೇವೆ, ಏನೂ ಫಲವಿಲ್ಲ.
— ನಿರ್ವಹಣಾ ವಿಭಾಗದ ಮೇಲ್ವಿಚಾರಕರು, ಬೆಂಗಳೂರು

ಉತ್ತರ: ನಿಮ್ಮ ಪಂಪಿನಲ್ಲಿ ದೋಷವಿಲ್ಲ, ಬೇರಿಂಗಿನಲ್ಲೂ ಇಲ್ಲ. ವ್ಯತ್ಯಾಸ ಇರುವುದು ಬೆಂಗಳೂರಿನ ಗಾಳಿಯ ಒತ್ತಡದಲ್ಲಿ.

ಪಂಪು ನೀರನ್ನು ‘ಎಳೆದುಕೊಳ್ಳುತ್ತದೆ’ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಇಂಪೆಲ್ಲರಿನ ಕಣ್ಣಿನ ಬಳಿ, ಅಂದರೆ ನೀರು ಒಳಬರುವ ನಡುಬಾಯಿಯಲ್ಲಿ, ಒತ್ತಡ ಇಳಿಯುತ್ತದೆ, ಟ್ಯಾಂಕಿನ ಮೇಲೆ ಕೂತ ವಾತಾವರಣ ನೀರನ್ನು ಆ ಕಡೆಗೆ ತಳ್ಳುತ್ತದೆ. ಅಲ್ಲಿ ಒತ್ತಡವು ಆ ಬಿಸಿಯಲ್ಲಿ ನೀರಿಗಿರುವ ಆವಿಯ ಒತ್ತಡಕ್ಕಿಂತ ಕೆಳಗಿಳಿದರೆ ನೀರು ಅಲ್ಲಿಯೇ ಕುದಿಯುತ್ತದೆ, ಲಕ್ಷಾಂತರ ಸಣ್ಣ ಗುಳ್ಳೆಗಳು ಏಳುತ್ತವೆ. ಇಂಪೆಲ್ಲರಿನ ರೆಕ್ಕೆಗಳ ನಡುವೆ ಮುಂದೆ ಸಾಗಿದಂತೆ ಒತ್ತಡ ಮತ್ತೆ ಏರಿ ಗುಳ್ಳೆಗಳು ಒಡೆಯುತ್ತವೆ. ಒಡೆಯುವಾಗ ಪ್ರತಿಯೊಂದೂ ಲೋಹದ ಮೇಲೆ ಸುತ್ತಿಗೆಯ ಏಟು ಕೊಟ್ಟಂತೆ ಬಡಿಯುತ್ತದೆ. ನೀವು ಕೇಳುತ್ತಿರುವ ಜಲ್ಲಿಕಲ್ಲಿನ ಸದ್ದು ಅದೇ. ತೆಗೆದಿಟ್ಟ ಹಳೆಯ ಇಂಪೆಲ್ಲರ್ ಇದ್ದರೆ ರೆಕ್ಕೆಯ ಆರಂಭದ ಅಂಚಿನಿಂದ ತುಸು ಒಳಗೆ ಬೆರಳಾಡಿಸಿ ನೋಡಿ. ಗೆದ್ದಲು ತಿಂದ ಹಲಗೆಯಂತೆ ಒರಟೊರಟಾಗಿ, ತೂತುತೂತಾಗಿ ಇರುತ್ತದೆ. ಸವೆತವಾದರೆ ಲೋಹ ನುಣುಪಾಗಿ ತೆಳುವಾಗುತ್ತದೆ. ಗುಳ್ಳೆ ತಿಂದ ಲೋಹ ಬಿಸಾಡಿದ ಸ್ಪಂಜಿನಂತೆ ಕಾಣುತ್ತದೆ.

ಪಂಪಿನ ಬಾಯಿಯಲ್ಲಿ ನೀರಿನ ಒತ್ತಡ ಆವಿಯ ಒತ್ತಡಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಮೀಟರಿನಲ್ಲಿ ಅಳೆಯುವ ಮಾನಕ್ಕೆ ಎನ್‌ಪಿಎಸ್‌ಎಚ್ ಎಂದು ಹೆಸರು. ಪಂಪಿಗೆ ಅದು ಎಷ್ಟು ಬೇಕೆಂದು ತಯಾರಕರು ತಮ್ಮ ಕರ್ವಿನಲ್ಲಿ, ಅಂದರೆ ಹರಿವಿಗೆ ತಕ್ಕಂತೆ ಪಂಪಿನ ಹೆಡ್ ಮುಂತಾದವನ್ನು ತೋರಿಸುವ ಗೆರೆಚಿತ್ರದಲ್ಲಿ, ಕೊಟ್ಟಿರುತ್ತಾರೆ. ನಿಮ್ಮ ಹರಿವಿಗೆ ಅದು 3 ಮೀಟರ್. ನಮ್ಮ ವ್ಯವಸ್ಥೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಮಾತ್ರ ನಾವೇ ಲೆಕ್ಕ ಹಾಕಬೇಕು. ಮಂಗಳೂರು ಸಮುದ್ರಮಟ್ಟದಲ್ಲಿದೆ. 90 ಡಿಗ್ರಿಯ ನೀರಿನ ಎತ್ತರದಲ್ಲಿ ಹೇಳುವುದಾದರೆ ಅಲ್ಲಿನ ವಾತಾವರಣದ ಒತ್ತಡ 10.7 ಮೀಟರ್. ಆ ಬಿಸಿಯಲ್ಲಿ ನೀರಿನ ಆವಿಯ ಒತ್ತಡ 7.4 ಮೀಟರ್. ಉಳಿದದ್ದು 3.3. ಟ್ಯಾಂಕಿನ ಎತ್ತರದ 1 ಮೀಟರನ್ನು ಕೂಡಿಸಿ, ಟ್ಯಾಂಕಿನಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಘರ್ಷಣೆಗೆ 0.7 ಮೀಟರ್ ಕಳೆದರೆ 3.6 ಮೀಟರ್ ಸಿಗುತ್ತದೆ. ಬೇಕಾದ 3 ಮೀಟರಿಗಿಂತ ಇದು ಹೆಚ್ಚು.

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾತಾವರಣದ ಒತ್ತಡ ಶೇ. 10ರಷ್ಟು ಕಡಿಮೆ. ನಮ್ಮ ಅಡುಗೆಮನೆಯಲ್ಲಿ ನೀರು 100 ಡಿಗ್ರಿಗೆ ಕಾಯದೆ 97ರ ಹತ್ತಿರವೇ ಕುದಿಯುವುದು ಇದರಿಂದಲೇ. ಇದೇ ಲೆಕ್ಕದಲ್ಲಿ 10.7ರ ಜಾಗಕ್ಕೆ 9.6 ಬರುತ್ತದೆ, ಆವಿಯ ಒತ್ತಡದ 7.4 ಮಾತ್ರ ಹಾಗೆಯೇ ಉಳಿಯುತ್ತದೆ. ಕಡೆಯಲ್ಲಿ ಸಿಗುವುದು 2.5 ಮೀಟರ್. ಬೇಕಾದದ್ದು 3. ಎರಡೂ ಊರುಗಳಲ್ಲಿ ಒಂದೇ ನಕ್ಷೆಯನ್ನು ಬಳಸಿದವರು ಈ ಒಂದು ಸಾಲಿನ ಲೆಕ್ಕವನ್ನು ಬಿಟ್ಟಿದ್ದಾರೆ.

ಪರಿಹಾರವೆಂದರೆ ಟ್ಯಾಂಕನ್ನು ಎತ್ತರಿಸುವುದು. ಅದನ್ನು 2 ಮೀಟರ್ ಮೇಲಕ್ಕೆ ಏರಿಸಿದರೆ 4.5 ಮೀಟರ್ ಸಿಗುತ್ತದೆ, ಮುಂದಿನ ಇಂಪೆಲ್ಲರ್ ವರ್ಷಗಟ್ಟಲೆ ಬಾಳುತ್ತದೆ. ಕಬ್ಬಿಣದ ಸ್ಟ್ಯಾಂಡಿಗೆ ಒಂದು ಸಲ ಖರ್ಚಾಗುತ್ತದೆ, ಅಷ್ಟೆ. ಜೊತೆಗೆ ಸಕ್ಷನ್ ಪೈಪನ್ನು ಒಂದು ಅಳತೆ ದಪ್ಪ ಮಾಡಿ, ಸ್ಟ್ರೇನರನ್ನು ಬಿಚ್ಚಿ ತೊಳೆಸಿ. ಅರ್ಧ ಕಟ್ಟಿದ ಸ್ಟ್ರೇನರ್ ಒಂದೇ ನಿಮ್ಮ 0.7 ಮೀಟರನ್ನು ಎರಡಕ್ಕೆ ಏರಿಸಬಲ್ಲದು. ದಪ್ಪ ಸಕ್ಷನ್ ಪೈಪಿನಿಂದ ಪಂಪಿನ ಬಾಯಿಗೆ ಇಳಿಯುವ ರೆಡ್ಯೂಸರ್ ಒಂದು ಬದಿ ಚಪ್ಪಟೆಯಾಗಿರುವ ಬಗೆಯದಾಗಿರಲಿ, ಆ ಚಪ್ಪಟೆ ಬದಿ ಮೇಲಕ್ಕೆ ಬರಲಿ. ಇಲ್ಲದಿದ್ದರೆ ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ನೀರನ್ನು 80 ಡಿಗ್ರಿಗೆ ಇಳಿಸಿದರೂ ಟ್ಯಾಂಕ್ ಇದ್ದಲ್ಲಿಯೇ 4.9 ಮೀಟರ್ ಸಿಗುತ್ತದೆ. ಆದರೆ ಇಂಧನದ ಖರ್ಚು ಹೆಚ್ಚುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಹೆಚ್ಚಾಗಿ ಬಾಯ್ಲರಿನ ಕೊಳವೆಗಳಿಗೆ ತುಕ್ಕು ಹಿಡಿಯುತ್ತದೆ. ಆ ದಾರಿಯನ್ನು ನಾನು ಒಪ್ಪುವುದಿಲ್ಲ. ಸ್ಟ್ಯಾಂಡು ಸಿದ್ಧವಾಗುವವರೆಗೆ, ಪಂಪಿನಿಂದ ನೀರು ಹೊರಹೋಗುವ ಕಡೆಯ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ ಹರಿವು ತಗ್ಗಿಸಿ ಓಡಿಸಿ; ಹರಿವು ಕಡಿಮೆಯಾದರೆ ಪಂಪಿಗೆ ಬೇಕಾದ ಎನ್‌ಪಿಎಸ್‌ಎಚ್ ಕೂಡ ಕಡಿಮೆಯಾಗುತ್ತದೆ. ಸಕ್ಷನ್ ಕಡೆಯ ವಾಲ್ವನ್ನು ಮಾತ್ರ ಎಂದೂ ಮುಚ್ಚಿ ಹತೋಟಿ ಮಾಡಬೇಡಿ.

ಮಂಗಳೂರಿನ ಘಟಕದವರಿಗೂ ಒಂದು ಮಾತು ತಿಳಿಸಿ. ತಯಾರಕರು ಕೊಡುವ 3 ಮೀಟರ್ ಎಂಬುದು ಗುಳ್ಳೆಗಳು ಆಗಲೇ ಎದ್ದು ಪಂಪಿನ ಹೆಡ್ ಶೇ. 3ರಷ್ಟು ಕುಸಿದಾಗಿನ ಅಂಕಿ. ಅವರಲ್ಲಿರುವ 0.6 ಮೀಟರಿನ ಅಂತರ ದೊಡ್ಡದೇನಲ್ಲ. ಅಲ್ಲಿಯೂ ವರ್ಷಕ್ಕೊಮ್ಮೆ ಇಂಪೆಲ್ಲರ್ ಬಿಚ್ಚಿ ನೋಡುವುದು ಒಳ್ಳೆಯದು.

ಪ್ರಶ್ನೆ: ಗಂಟೆಗೆ 50,000 ಲೀಟರ್, 45 ಮೀಟರ್ ಹೆಡ್, 12.5 ಎಚ್‌ಪಿ ಎಂದು ನಾಮಫಲಕದಲ್ಲಿರುವ ಹೊಸ ಪಂಪನ್ನು ಕೂರಿಸಿದ್ದೇವೆ. ಡೆಲಿವರಿ ವಾಲ್ವನ್ನು ಪೂರ್ತಿ ತೆರೆದರೆ ಮೋಟಾರು ಟ್ರಿಪ್ ಆಗುತ್ತದೆ. ಅರ್ಧ ಮುಚ್ಚಿದರೆ ಚೆನ್ನಾಗಿ ಓಡುತ್ತದೆ. ವಾಲ್ವು ಮುಚ್ಚಿದರೆ ಮೋಟಾರಿಗೆ ಭಾರ ಹೆಚ್ಚಬೇಕಲ್ಲವೇ? ಪಂಪಿನ ಕರ್ವನ್ನು ಲಗತ್ತಿಸಿದ್ದೇನೆ. ನಮ್ಮಲ್ಲಿ ನೀರು ಏರಬೇಕಾದ ಎತ್ತರ 24 ಮೀಟರ್. ಬೇಕಾದ ಹರಿವಿನಲ್ಲಿ ಘರ್ಷಣೆ 6 ಮೀಟರ್.
— ಕಿರಿಯ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ನಿಮಗೆ ಬೇಕಾಗಿದ್ದದ್ದು 30 ಮೀಟರ್, ಬಂದದ್ದು 45. ಇದು ಹೇಗಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಪ್ರಕ್ರಿಯೆಯ ಎಂಜಿನಿಯರು ಹೆಡ್ಡಿಗೆ ಶೇ. 10 ಸೇರಿಸಿದರು, ಪೈಪಿಂಗ್ ವಿಭಾಗದವರು ತಮ್ಮ ಪಾಲಿಗೆ ಶೇ. 15 ಸೇರಿಸಿದರು, ಖರೀದಿಯವರು ‘ಇರಲಿ’ ಎಂದು ಶೇ. 20 ಸೇರಿಸಿದರು. ಒಬ್ಬರು ಸೇರಿಸಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೂರನ್ನೂ ಗುಣಿಸಿದರೆ ಒಂದೂವರೆ ಪಟ್ಟು. ಆ ಪಂಪು ಇದ್ದಷ್ಟು ದಿನವೂ ಅದರ ವಾಲ್ವಿನ ಚಕ್ರಕ್ಕೆ ಒಂದು ತಂತಿ ಬಿಗಿದಿತ್ತು, ಯಾರೂ ತೆರೆಯದಿರಲಿ ಎಂದು. ಎಲ್ಲರೂ ಎಚ್ಚರ ವಹಿಸಿದ್ದರು; ಆದರೆ ಲೆಕ್ಕಕ್ಕೆ ಒಬ್ಬ ಯಜಮಾನ ಇರಲಿಲ್ಲ. ಹೆಚ್ಚುವರಿಯನ್ನು ಒಮ್ಮೆ, ಒಬ್ಬರು, ಬರವಣಿಗೆಯಲ್ಲಿ ಸೇರಿಸಬೇಕು.

ನಾಮಫಲಕದಲ್ಲಿರುವುದು ಆ ಪಂಪಿನ ಹಲವು ಸಾಮರ್ಥ್ಯಗಳಲ್ಲಿ ಒಂದು ಮಾತ್ರ. ಪಂಪು ಎಷ್ಟು ನೀರು ಕೊಡುತ್ತದೆ ಎಂಬುದನ್ನು ಅದರ ಕರ್ವು ಮತ್ತು ಪೈಪು ವ್ಯವಸ್ಥೆಯ ಕರ್ವು (ಎಷ್ಟು ಹರಿವಿಗೆ ಎಷ್ಟು ಹೆಡ್ ಬೇಕೆಂದು ತೋರಿಸುವ ಗೆರೆ) ಎಲ್ಲಿ ಕೂಡುತ್ತವೆಯೋ ಆ ಬಿಂದು ನಿರ್ಧರಿಸುತ್ತದೆ. ನೀವು ಕಳಿಸಿದ ಕರ್ವಿನಲ್ಲಿ ವಾಲ್ವು ಪೂರ್ತಿ ಮುಚ್ಚಿದಾಗ ಹೆಡ್ 54 ಮೀಟರ್, 50,000 ಲೀಟರಿನಲ್ಲಿ 45. ಅದರ ಮೇಲೆ ನಿಮ್ಮ ಪೈಪಿನ ಕರ್ವನ್ನು ಎಳೆದು ನೋಡಿದೆ. ವಾಲ್ವು ತೆರೆದಾಗ ಎರಡೂ ಕೂಡುವುದು ಗಂಟೆಗೆ ಸುಮಾರು 70,000 ಲೀಟರಿನ ಬಳಿ, 36 ಮೀಟರ್ ಹೆಡ್ಡಿನಲ್ಲಿ. ಅಲ್ಲಿ ಶಾಫ್ಟಿಗೆ 11 ಕಿಲೋವ್ಯಾಟ್ ಬೇಕಾಗುತ್ತದೆ. ನಿಮ್ಮ ಮೋಟಾರು 9.3 ಕಿಲೋವ್ಯಾಟಿನದು. ಟ್ರಿಪ್ ಆಗದೆ ಇನ್ನೇನಾಗಬೇಕು? ಇಂಥ ಸಾಧಾರಣ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಮೋಟಾರಿನ ಭಾರವನ್ನು ಹೆಚ್ಚಿಸುವುದು ಹರಿಯುವ ನೀರಿನ ಮೊತ್ತ. ವಾಲ್ವು ಮುಚ್ಚಿದರೆ ನೀರು ಕಡಿಮೆಯಾಗಿ ಆಂಪಿಯರ್ ಇಳಿಯುತ್ತದೆ. ಡೆಲಿವರಿ ವಾಲ್ವು ಮುಚ್ಚಿಟ್ಟು ಪಂಪನ್ನು ಸ್ಟಾರ್ಟ್ ಮಾಡುವ ಪದ್ಧತಿಯೂ ಇದರಿಂದಲೇ ಬಂದಿದೆ.

ಈಗ ನೀವು ವಾಲ್ವಿನಲ್ಲಿ 15 ಮೀಟರ್ ಹೆಡ್ಡನ್ನು ಕೊಲ್ಲುತ್ತಿದ್ದೀರಿ. ಗಂಟೆಗೆ 3 ಯೂನಿಟ್ಟಿಗೂ ಹೆಚ್ಚು ವಿದ್ಯುತ್ತು ಆ ವಾಲ್ವಿನಲ್ಲಿ ಕಳೆದುಹೋಗುತ್ತದೆ. ಇದನ್ನು ಸರಿಪಡಿಸಲು ಎರಡು ದಾರಿಗಳಿವೆ. ಹರಿವು ಸದಾ ಒಂದೇ ಇರುವುದಾದರೆ ಇಂಪೆಲ್ಲರಿನ ವ್ಯಾಸವನ್ನು ಲೇತಿನಲ್ಲಿ ತಗ್ಗಿಸಬಹುದು. ನಿಮ್ಮ ಲೆಕ್ಕಕ್ಕೆ ಶೇ. 15ರಷ್ಟು ಕಡಿತ ಬೇಕಾಗುತ್ತದೆ. ಇದು ಸಾಮಾನ್ಯವಾಗಿ ಒಪ್ಪುವ ಮಿತಿಯ ಅಂಚಿನಲ್ಲಿರುವುದರಿಂದ ತಯಾರಕರನ್ನು ಕೇಳಿ ಮುಂದುವರಿಯಿರಿ, ಮೊದಲು ಶೇ. 10ರಷ್ಟು ಮಾತ್ರ ತೆಗೆದು ಓಡಿಸಿ ನೋಡಿ. ತೆಗೆದ ಲೋಹವನ್ನು ಮರಳಿ ಅಂಟಿಸಲಾಗದು. ಹರಿವು ದಿನದಲ್ಲಿ ಏರಿಳಿಯುವುದಾದರೆ ವೇಗ ಬದಲಿಸುವ ಡ್ರೈವ್ ಉತ್ತಮ. 50 ಹರ್ಟ್ಸ್ ಬದಲು 42.5 ಹರ್ಟ್ಸ್‌ನಲ್ಲಿ ನಿಮ್ಮ ಪಂಪು ಸರಿಯಾಗಿ 30 ಮೀಟರ್ ಕೊಡುತ್ತದೆ.

ಡ್ರೈವ್ ಮಾರುವವರು ‘ವೇಗ ಅರ್ಧವಾದರೆ ವಿದ್ಯುತ್ತು ಎಂಟನೇ ಒಂದು ಭಾಗ’ ಎನ್ನುತ್ತಾರೆ. ನೀರನ್ನು ಸುತ್ತು ಹಾಕಿಸುವ, ಎತ್ತರವಿಲ್ಲದ ವ್ಯವಸ್ಥೆಗೆ ಆ ಮಾತು ಹೆಚ್ಚೂ ಕಡಿಮೆ ಸರಿ. ನಿಮ್ಮಲ್ಲಿ 24 ಮೀಟರಿನ ಎತ್ತರವಿದೆ. ವೇಗದ ವರ್ಗಕ್ಕೆ ತಕ್ಕಂತೆ ಹೆಡ್ ಇಳಿಯುವುದರಿಂದ 33 ಹರ್ಟ್ಸ್ ತಲುಪುವ ಹೊತ್ತಿಗೆ ಪಂಪಿನ ಗರಿಷ್ಠ ಹೆಡ್ಡೇ 24 ಮೀಟರಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಪಂಪು ತಿರುಗುತ್ತಲೇ ಇರುತ್ತದೆ, ಒಂದು ಹನಿ ನೀರೂ ಮೇಲೇರುವುದಿಲ್ಲ, ಒಳಗಿನ ನೀರು ಮಾತ್ರ ಕಾಯುತ್ತದೆ. ಡ್ರೈವಿನಲ್ಲಿ ಕನಿಷ್ಠ ವೇಗವನ್ನು 37 ಹರ್ಟ್ಸ್‌ಗಿಂತ ಕೆಳಗೆ ಇಡಬೇಡಿ.

ಪ್ರಶ್ನೆ: ಕಾಕಂಬಿಯನ್ನು ದಾಸ್ತಾನು ಟ್ಯಾಂಕಿನಿಂದ ಟ್ಯಾಂಕರ್ ಲಾರಿಗೆ ತುಂಬಿಸಲು ನೀರಿನ ಸೆಂಟ್ರಿಫ್ಯೂಗಲ್ ಪಂಪನ್ನೇ ಬಳಸಬಹುದೇ? ನಮ್ಮಲ್ಲಿ ಒಂದು ಬಿಡುವಾಗಿದೆ.
— ಸಕ್ಕರೆ ಕಾರ್ಖಾನೆಯ ಉದ್ಯೋಗಿ, ಮಂಡ್ಯ

ಉತ್ತರ: ಬಳಸಬೇಡಿ. ಕಾಕಂಬಿಯ ಮಂದತೆ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಸೆಂಟ್ರಿಫ್ಯೂಗಲ್ ಪಂಪು ದ್ರವವನ್ನು ವೇಗವಾಗಿ ಸುತ್ತಿಸಿ, ಆ ವೇಗವನ್ನು ಒತ್ತಡಕ್ಕೆ ಬದಲಾಯಿಸುತ್ತದೆ; ಮಂದ ದ್ರವದಲ್ಲಿ ಆ ವೇಗವೆಲ್ಲ ಒಳಘರ್ಷಣೆಯಲ್ಲಿಯೇ ಮುಗಿದುಹೋಗುತ್ತದೆ. ಮೋಟಾರು ಕಾಯುತ್ತದೆ, ಕಾಕಂಬಿ ಕದಲುವುದಿಲ್ಲ. ಪ್ರತಿ ಸುತ್ತಿಗೆ ಇಷ್ಟು ಎಂದು ದ್ರವವನ್ನು ಹಿಡಿದು ಮುಂದೆ ತಳ್ಳುವ ಗೇರ್ ಪಂಪು ಅಥವಾ ಸ್ಕ್ರೂ ಪಂಪು ನಿಮಗೆ ತಕ್ಕದ್ದು. ಅದನ್ನು ಗೇರ್‌ಬಾಕ್ಸಿನ ಮೂಲಕ ನಿಧಾನವಾಗಿ ಓಡಿಸಿ. ಮಂದ ದ್ರವ ಪಂಪಿನ ಒಳಗೆ ಬಂದು ತುಂಬಿಕೊಳ್ಳಲು ಸಮಯ ಬೇಕು.

ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಈ ಪಂಪುಗಳ ಡೆಲಿವರಿ ವಾಲ್ವನ್ನು ಮುಚ್ಚಿ ಓಡಿಸಿದರೆ ಒತ್ತಡ ಏರುತ್ತಲೇ ಹೋಗಿ ಪೈಪೋ ಕೇಸಿಂಗೋ ಶಾಫ್ಟೋ ಒಡೆಯುತ್ತದೆ. ಆದ್ದರಿಂದ ಒತ್ತಡ ಮಿತಿ ಮೀರಿದಾಗ ತಾನಾಗಿಯೇ ತೆರೆಯುವ ರಿಲೀಫ್ ವಾಲ್ವು ಇಲ್ಲದೆ ಒಂದು ನಿಮಿಷವೂ ಓಡಿಸಬಾರದು, ಹರಿವನ್ನು ವಾಲ್ವಿನಿಂದ ಹತೋಟಿ ಮಾಡಲೂ ಬಾರದು. ಎರಡನೆಯದು ಸಕ್ಷನ್ ಪೈಪು. ಇಷ್ಟು ಮಂದವಾದ ದ್ರವ ಪದರ ಪದರವಾಗಿ ನಿಧಾನಕ್ಕೆ ಜಾರುತ್ತದೆ. ಆ ಬಗೆಯ ಹರಿವಿನಲ್ಲಿ ಪೈಪಿನ ವ್ಯಾಸ ಎರಡು ಪಟ್ಟಾದರೆ ಘರ್ಷಣೆ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ನೀರಿಗೆ 100 ಮಿ.ಮೀ. ಸಾಕೆನಿಸಿದಲ್ಲಿ ಕಾಕಂಬಿಗೆ 200 ಹಾಕಿದರೂ ಅತಿಯಲ್ಲ. ಚಳಿಗಾಲದ ಬೆಳಗಿನ ಮಂದತೆಗೆ ಲೆಕ್ಕ ಮಾಡಿ, ಮಧ್ಯಾಹ್ನದ್ದಕ್ಕಲ್ಲ. ತೆಳುವಾಗಲಿ ಎಂದು ಅತಿಯಾಗಿ ಬಿಸಿ ಮಾಡಿದರೆ ಕಾಕಂಬಿಯೊಳಗಿನ ಸಕ್ಕರೆ ಕೆಡುತ್ತದೆ.

ಪ್ರಶ್ನೆ: ನೀರಿನಲ್ಲಿ 30 ಮೀಟರ್ ಹೆಡ್ ಕೊಡುವ ಪಂಪು ಸಾಂದ್ರ ಗಂಧಕಾಮ್ಲದಲ್ಲಿ ಎಷ್ಟು ಕೊಡುತ್ತದೆ?
— ರಾಸಾಯನಿಕ ಘಟಕದ ಉದ್ಯೋಗಿ, ರಾಯಚೂರು

ಉತ್ತರ: ಹೆಚ್ಚೂ ಕಡಿಮೆ ಅದೇ 30 ಮೀಟರ್. ಆದರೆ ಆಮ್ಲ ನೀರಿಗಿಂತ 1.84 ಪಟ್ಟು ಭಾರ. ಆದ್ದರಿಂದ ನೀರಿನಲ್ಲಿ 2.9 ಬಾರ್ ತೋರಿಸುತ್ತಿದ್ದ ಗೇಜು 5.4 ಬಾರ್ ತೋರಿಸುತ್ತದೆ, ಶಾಫ್ಟಿನ ಶಕ್ತಿಯೂ 1.84 ಪಟ್ಟಾಗುತ್ತದೆ. ನೀರಿಗೆ 4.5 ಕಿಲೋವ್ಯಾಟ್ ಸಾಕಾಗಿದ್ದಲ್ಲಿ 8.3 ಬೇಕು, 5.5 ಕಿಲೋವ್ಯಾಟಿನ ಮೋಟಾರು ಸುಟ್ಟುಹೋಗುತ್ತದೆ. ಕೇಸಿಂಗ್ ಮತ್ತು ಸೀಲಿನ ಸಾಮಗ್ರಿಯನ್ನು ಆಮ್ಲದ ಸಾಂದ್ರತೆ ಮತ್ತು ಬಿಸಿಯನ್ನು ಬರೆದುಕೊಟ್ಟು ತಯಾರಕರಿಂದಲೇ ಖಚಿತಪಡಿಸಿಕೊಳ್ಳಿ. ಸಾಂದ್ರ ಆಮ್ಲವನ್ನು ತಡೆಯುವ ಲೋಹ ಅದೇ ಆಮ್ಲ ನೀರು ಬೆರೆತು ತೆಳುವಾದಾಗ ಕರಗಿಹೋಗಬಹುದು. ಆದ್ದರಿಂದ ಆ ಪಂಪನ್ನು ನೀರು ಹಾಕಿ ತೊಳೆಯುವ ಮೊದಲೂ ತಯಾರಕರನ್ನು ಕೇಳಿ.

ಪ್ರಶ್ನೆ: ಒಂದೇ ಬಗೆಯ ಎರಡು ಪಂಪುಗಳನ್ನು ಅಕ್ಕಪಕ್ಕ ಜೋಡಿಸಿ ಒಂದೇ ಪೈಪಿಗೆ ಕೊಟ್ಟರೆ ನೀರು ಎರಡು ಪಟ್ಟಾಗುತ್ತದೆಯೇ?
— ಪಾಲಿಟೆಕ್ನಿಕ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಆಗುವುದಿಲ್ಲ. ಪಂಪು ಎರಡಾದರೂ ಪೈಪು ಒಂದೇ ಅಲ್ಲವೇ? ಹೆಚ್ಚು ನೀರು ಬಂದಂತೆ ಅದರಲ್ಲಿ ಘರ್ಷಣೆ ಏರಿ, ಎರಡೂ ಪಂಪುಗಳು ತಮ್ಮ ಕರ್ವಿನಲ್ಲಿ ಹಿಂದಕ್ಕೆ ಸರಿಯುತ್ತವೆ. ಮೇಲಿನ ಹುಬ್ಬಳ್ಳಿಯ ಅಂಕಿಗಳನ್ನೇ ತೆಗೆದುಕೊಳ್ಳಿ: ಒಂದು ಪಂಪು ಗಂಟೆಗೆ 70,000 ಲೀಟರ್ ಕೊಡುವ ಪೈಪಿನಲ್ಲಿ ಎರಡು ಪಂಪುಗಳು ಸೇರಿ ಕೊಡುವುದು 95,000 ಲೀಟರ್. ಎರಡೂ ಕರ್ವುಗಳನ್ನು ಗ್ರಾಫ್ ಹಾಳೆಯ ಮೇಲೆ ನಿಮ್ಮ ಕೈಯಿಂದಲೇ ಎಳೆದು ನೋಡಿ, ಪರೀಕ್ಷೆಗೂ ಕೆಲಸಕ್ಕೂ ಅದು ನೆನಪಿರುತ್ತದೆ.

ಹರಿವು ಹೆಚ್ಚಬೇಕಾದಲ್ಲಿ ಪಂಪುಗಳನ್ನು ಅಕ್ಕಪಕ್ಕ ಇಡುತ್ತಾರೆ. ಹೆಡ್ ಹೆಚ್ಚಬೇಕಾದಲ್ಲಿ ಒಂದರ ಮುಂದೆ ಒಂದು. ಬೆಂಗಳೂರಿಗೆ ಕಾವೇರಿ ನೀರು ಬರುವ ವ್ಯವಸ್ಥೆಯಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು. ಮೊದಲ ಹಂತ 1974ರಲ್ಲಿ ಆರಂಭವಾದಾಗಿನಿಂದ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ ಮತ್ತು ತಾತಗುಣಿಗಳಲ್ಲಿ ಮೂರು ಬಾರಿ ಎತ್ತಿ, ಸುಮಾರು 100 ಕಿಲೋಮೀಟರ್ ದೂರದಿಂದ ನಗರಕ್ಕೆ ತರುತ್ತಾರೆ. ಒಟ್ಟು ಹೆಡ್ 500 ಮೀಟರಿನ ಆಸುಪಾಸಿನಲ್ಲಿದೆ. ಅಷ್ಟನ್ನೂ ಒಂದೇ ಕಡೆ ಎತ್ತಲು ಹೋದರೆ ಆರಂಭದ ಪೈಪು 49 ಬಾರ್ ಒತ್ತಡ ತಡೆಯಬೇಕಾಗುತ್ತದೆ. ಮೂರು ಕಡೆ ಹಂಚಿದ್ದರಿಂದ ಯಾವ ಪೈಪಿನ ಮೇಲೂ ಪೂರ್ತಿ ಭಾರ ಬೀಳುವುದಿಲ್ಲ. ಪ್ರತಿ ನಿಲ್ದಾಣದ ಒಳಗೆ ಹಲವು ಪಂಪುಗಳು ಅಕ್ಕಪಕ್ಕ ಓಡುವುದರಿಂದ ಒಂದು ಕೆಟ್ಟರೆ ನೀರು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ನಿಮ್ಮ ಅಭ್ಯಾಸಕ್ಕೆ ಒಂದು ಲೆಕ್ಕ: ಸಾವಿರ ಲೀಟರ್ ನೀರಿಗೆ 500 ಮೀಟರ್ ಹೆಡ್ ಕೊಡಲು, ಪಂಪು ಮತ್ತು ಮೋಟಾರುಗಳಲ್ಲಿ ಏನೂ ನಷ್ಟವಾಗದಿದ್ದರೂ, 1.36 ಯೂನಿಟ್ ವಿದ್ಯುತ್ತು ಬೇಕು. ಇದು ಹೇಗೆ ಬಂತೆಂದು ಬಿಡಿಸಿ, ಎರಡರ ಒಟ್ಟು ದಕ್ಷತೆ ಶೇ. 75 ಆದಾಗ ಎಷ್ಟಾಗುತ್ತದೆ ಎಂಬುದನ್ನೂ ಬರೆದು ಕಳಿಸಿ, ನೋಡಿ ಉತ್ತರಿಸುತ್ತೇನೆ.